ಕೌದಿಯ ಹೊಟ್ಟೆ ಖಾಲಿ ಇರಬಾರದು

2013ರಲ್ಲಿ ನಾನು ಓದು ನಿಲ್ಲಿಸಿದೆ. ನಿಲ್ಲಿಸಿದೆ ಎಂದೇ ಬರೆಯುತ್ತೇನೆ. ನಿಂತುಹೋಯಿತು ಎಂದೋ, ಬಿಡಿಸಿದರು ಎಂದೋ ಬರೆದರೆ ಸುಳ್ಳಾಗುತ್ತದೆ. ರಿಯಾದಿನ ಒಂದು ಭಾರತೀಯ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದೆ. ವಾರ್ಷಿಕೋತ್ಸವಕ್ಕೆ ದೇಶದ ಎಲ್ಲ ಕಡೆಯ ಕುಣಿತಗಳನ್ನು ತೋರಿಸಬೇಕೆಂದು ತೀರ್ಮಾನವಾಗಿತ್ತು. ಒಬ್ಬರಿಗೆ ಪೇಟ, ಒಬ್ಬರಿಗೆ ಜರಿ ಅಂಚಿನ ಮುಂಡು ಎಂದು ಹಂಚುತ್ತಾ ಬಂದ ಮೇಡಂ ನನ್ನ ಮುಂದೆ ನಿಂತು, ಹಸಿರು ಕಾಗದದ ಎಲೆಗಳನ್ನು ದಾರಕ್ಕೆ ಪೋಣಿಸಿದ ಒಂದು ಲಂಗ ಕೈಗಿಟ್ಟರು. ಕಾಡಿನ ಜನರ ಕುಣಿತವಂತೆ. ನಿನಗೆ ಮೇಕಪ್ಪಿನ ಕೆಲಸವೇ ಇಲ್ಲ ನೋಡು ಎಂದು ಪ್ರೀತಿಯಿಂದಲೇ ಹೇಳಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನು ಆ ಲಂಗವನ್ನು ಎಲೆ ಮುರಿಯದ ಹಾಗೆ ಮಡಚಿ ಬೆಂಚಿನ ಮೇಲಿಟ್ಟೆ. ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಇವತ್ತಿನವರೆಗೂ ಹೋಗಿಲ್ಲ.

ನಾವು ಸಿದ್ದಿಗಳು, ಹಳಿಯಾಳದ ಕಡೆಯವರು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದರು. ತಂದವರ ಹೆಸರು ಪುಸ್ತಕದಲ್ಲಿ ಸಿಗುತ್ತದೆ, ಬಂದವರ ಹೆಸರು ಸಿಗುವುದಿಲ್ಲ. ಅದಕ್ಕಿಂತ ಹೆಚ್ಚು ವಂಶಾವಳಿ ನನಗೆ ಗೊತ್ತಿಲ್ಲ. ಅಬ್ಬಾ ಎಸಿ ರಿಪೇರಿಯವನು. ಅವನ ಇಕಾಮಾದಲ್ಲಿ, ಅಲ್ಲಿ ಇರಲು ಕೊಡುವ ಪರವಾನಗಿ ಕಾರ್ಡಿನಲ್ಲಿ, ಟೆಕ್ನಿಷಿಯನ್ ಎಂದು ಬರೆದಿದ್ದರಿಂದ ಅಮ್ಮಿಯನ್ನೂ ನನ್ನನ್ನೂ ಕರೆಸಿಕೊಳ್ಳಲು ಆಯಿತು. ಆ ಇಕಾಮಾವನ್ನು ಅವನು ಅಂಗಿಯ ಮುಂದಿನ ಜೇಬಿನಲ್ಲಿ, ಕೈಗೆ ಥಟ್ಟನೆ ಸಿಗುವ ಹಾಗೆ ಇಡುತ್ತಿದ್ದ. ಯಾಕೆಂದರೆ ದಾರಿಯಲ್ಲಿ ಯಾರೇ ನಿಲ್ಲಿಸಿದರೂ ‘ಸುದಾನಿ?’ ಎನ್ನುತ್ತಿದ್ದರು. ‘ಹಿಂದಿ’, ಭಾರತದವನು, ಎಂದರೆ ನಗುತ್ತಿದ್ದರು. ಕಾರ್ಡು ನೋಡಿ, ಮುಖ ನೋಡಿ, ಮತ್ತೆ ಕಾರ್ಡು ನೋಡುತ್ತಿದ್ದರು. ನಮ್ಮ ಕಟ್ಟಡದ ಕೆಳಗೆ ಚಹಾ, ಸ್ಯಾಂಡ್‌ವಿಚ್ ಮಾರುವ ಬೂಫಿಯಾ ಇಟ್ಟಿದ್ದ ಪುತ್ತೂರಿನ ಹಮೀದಾಕ ಮಾತ್ರ ಗಿರಾಕಿಗಳಿಗೆಲ್ಲ ನನ್ನನ್ನು ತೋರಿಸಿ ಮಜಾ ತೆಗೆದುಕೊಳ್ಳುತ್ತಿದ್ದರು.

“ಇವ ಎಲ್ಲಿಯವ ಹೇಳಿ ನೋಡುವಾ? ಆಫ್ರಿಕಾ ಅಲ್ಲ ಮಾರಾಯ್ರೆ, ಕರ್ನಾಟಕ! ನನ್ನ ಮಕ್ಕಳಿಗಿಂತ ಚಂದ ಕನ್ನಡ ಮಾತಾಡ್ತಾನೆ. ಎಂತ ಮೌಲಾ, ಎರಡು ಮಾತಾಡು.”

“ಚಾದಾಗ ಸಕ್ರಿ ಕಡಿಮಿ ಆಗೇತಿ ಹಮೀದಾಕ.”

“ನೋಡಿ, ನೋಡಿ! ಮಾತಾಡು ಅಂದ್ರೆ ಬೈತಾನೆ!”

ರಿಯಾದಿನ ಮಲಾಜ್ ಬಡಾವಣೆಯ ಆ ಹಳೆಯ ಮೂರಂತಸ್ತಿನ ಕಟ್ಟಡದ ತಾರಸಿಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ, ನೀರಿನ ಟ್ಯಾಂಕಿನ ನೆರಳು. ಇಷ್ಟು ನಮ್ಮ ಮನೆ. ಬಿಸಿಲು ತಡೆಯಲು ಕಿಟಕಿಗಳಿಗೆ ಅಡುಗೆಯ ಬೆಳ್ಳಿ ಹಾಳೆ ಅಂಟಿಸಿದ್ದೆವು. ಹಗಲಲ್ಲೂ ಒಳಗೆ ದೀಪ ಬೇಕು. ಧೂಳು ಎದ್ದ ದಿನ ಅಮ್ಮಿ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಅನ್ನದ ಪಾತ್ರೆಗೆ ಎರಡು ಮುಚ್ಚಳ ಮುಚ್ಚುತ್ತಿದ್ದಳು. ಆದರೂ ಊಟದಲ್ಲಿ ಹಲ್ಲಿಗೆ ಮರಳು ಸಿಗುತ್ತಿತ್ತು. ನಾನು ಶಾಲೆ ಬಿಟ್ಟ ವಿಷಯ ಮೂರನೇ ದಿನ ಅದೇ ಅಡುಗೆಮನೆಯಲ್ಲಿ ಹೊರಬಿತ್ತು. ಅಮ್ಮಿ ಹಿಟ್ಟು ನಾದುತ್ತಿದ್ದಳು. ಅಬ್ಬಾ ಬಾಗಿಲಲ್ಲಿ ನಿಂತು ಕೇಳಿದ.

“ಶಾಲಿಗೆ ಯಾಕ ಹೋಗವಲ್ಲಿ? ಯಾರರ ಹೊಡದ್ರೇನು?”

“ಹೊಡದಿಲ್ಲ. ಎಲಿ ಉಟಗೊಂಡು ಕುಣಿ ಅಂದ್ರು.”

ಹಿಟ್ಟಿನೊಳಗೆ ಅಮ್ಮಿಯ ಕೈ ನಿಂತಿತು. ಅಬ್ಬಾ ಅವಳನ್ನು ನೋಡಿದ. ಅವಳು ಅವನನ್ನು ನೋಡಲಿಲ್ಲ.

“ಕಳಸಬ್ಯಾಡ,” ಎಂದಳು. ಅಷ್ಟೇ.

“ಆತು,” ಎಂದ ಅಬ್ಬಾ. “ಪುಸ್ತಕ ಬ್ಯಾಡಾದ್ರ ಕೈ ನಡೀಬೇಕು. ಕೂತು ಉಣ್ಣೂ ಮಗ ನನಗ ಬೇಕಾಗಿಲ್ಲ.”

ಕಾನೂನಿನ ಪ್ರಕಾರ ನಾನು ಹೊರಗೆ ದುಡಿಯುವಂತಿರಲಿಲ್ಲ. ಕಟ್ಟಡದ ಎಸಿಗಳ ಜಾಳಿಗೆ ಕಳಚಿ ತಾರಸಿಯ ಮೇಲೆ ತೊಳೆಯುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆರು ತಿಂಗಳಲ್ಲಿ ಸದ್ದು ಕೇಳಿಯೇ ಯಾವ ಮೋಟಾರಿಗೆ ಏನಾಗಿದೆ ಎಂದು ಹೇಳುವಷ್ಟು ಕಲಿತೆ. ನನ್ನ ಓರಗೆಯವರು ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದಾಗ ನನ್ನ ಕೈಯಲ್ಲಿ ಒಂದು ವಿದ್ಯೆ ಇತ್ತು. ಈ ಮಾತನ್ನು ಇವತ್ತೂ ಎದೆಯುಬ್ಬಿಸಿ ಹೇಳುತ್ತೇನೆ.

ಅಮ್ಮಿಯ ವಿದ್ಯೆ ಕೌದಿ. ನಮ್ಮ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಅಂಚಿನಿಂದ ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ನಡುವೆ ಅಂಗೈಯಗಲ ಉಳಿದಾಗ ಅದರೊಳಗೆ ನಾಲ್ಕು ಅಕ್ಕಿಕಾಳು ಹಾಕಿ ಮುಚ್ಚುತ್ತಾರೆ. ಅದು ಕೌದಿಯ ಹೊಟ್ಟೆ, ಖಾಲಿ ಇರಬಾರದು. ರಿಯಾದಿನಲ್ಲಿ ಅಮ್ಮಿಗೆ ಸಿಕ್ಕ ಹಳೆಯ ಬಟ್ಟೆ ಎಂದರೆ ಅರಬರು ಬಿಸಾಡಿದ ತೋಬುಗಳು, ಆ ಉದ್ದನೆಯ ಬಿಳಿ ಅಂಗಿಗಳು. ಹಾಗಾಗಿ ಅಲ್ಲಿ ಅವಳು ಹೊಲಿಯುತ್ತಿದ್ದ ಕೌದಿ ಪೂರ್ತಿ ಬಿಳಿ. ಹೊಲಿಯುವಾಗ ಅವಳು ಹಿರಿಯರನ್ನು ಕರೆಯುತ್ತಿದ್ದಳು. ನಮ್ಮ ಡೋಲು, ದಮಾಮ್, ಊರಲ್ಲೇ ಉಳಿದಿತ್ತು. ಅದರ ಬದಲು ಖಾಲಿ ಎಣ್ಣೆ ಡಬ್ಬಿಯನ್ನು ಮೊಣಕಾಲಿಗೆ ಒತ್ತಿಕೊಂಡು, ನಾಲ್ಕು ಹೊಲಿಗೆ ಹಾಕಿ, ಡಬ್ಬಿಗೆ ಎರಡು ಪೆಟ್ಟು ಕೊಟ್ಟು, ಸತ್ತವರ ಹೆಸರು ಒಂದೊಂದೇ ಹಾಡಿಗೆ ಸೇರಿಸುತ್ತಿದ್ದಳು. ಬಾಗಿಲ ಬಳಿ ಯಾರದಾದರೂ ಹೆಜ್ಜೆ ಕೇಳಿದರೆ ಬಾಯಿ ಮುಚ್ಚಿಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಹೆಜ್ಜೆ ಕೇಳಿದ್ದು ಅವಾದಿಯಾ ಖಾಲಾ ಅವರದು. ನಮ್ಮ ಕೆಳಗಿನ ಮಹಡಿಯಲ್ಲಿದ್ದ ಸುಡಾನಿನ ಹೆಂಗಸು, ಅಮ್ಮಿಗಿಂತ ಹತ್ತು ವರ್ಷ ದೊಡ್ಡವರು. ಅಲ್ಲಿನ ಮದುವೆಗಳಲ್ಲಿ ಹೆಂಗಸರ ಹಾಲ್ ಬೇರೆ. ಅದರೊಳಗೆ ವಿಡಿಯೊ ತೆಗೆಯಲು ಹೆಂಗಸರೇ ಆಗಬೇಕು. ಅದು ಅವರ ಉದ್ಯೋಗ. ಅವತ್ತು ಅವರು ಅಮ್ಮಿಯನ್ನು ತಮ್ಮ ಕಡೆಯವಳೆಂದೇ ತಿಳಿದು ಅರಬ್ಬಿಯಲ್ಲಿ ಏನೇನೋ ಹೇಳುತ್ತ, ಕೈಯಲ್ಲಿದ್ದ ತಟ್ಟೆಯನ್ನು ಮುಂದೆ ಚಾಚಿದರು. ತೆಳ್ಳಗಿನ ಹಾಳೆಯಂಥ ರೊಟ್ಟಿ. ಅಮ್ಮಿ ‘ಹಿಂದಿ, ಹಿಂದಿ’ ಎನ್ನುತ್ತಲೇ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. ಅವಳ ತವರು ಕಲಘಟಗಿ, ಜೋಳದ ನಾಡಿನ ಅಂಚು.

“ಏ ಮೌಲಾ! ಇದು ಜ್ವಾಳ! ಹುಳಿ ಬರಿಸಿದ ಜ್ವಾಳ! ಕೇಳೋ ಈಕಿಗೆ, ಈಕಿ ಯಾವೂರಾಕಿ?”

ನಾನು ನನ್ನ ಮುರುಕು ಅರಬ್ಬಿಯಲ್ಲಿ ಕೇಳಿದೆ. ಖಾಲಾ ಉತ್ತರ ಹೇಳುವ ಬದಲು ಅಮ್ಮಿಯ ಮುಂಗೈ ಹಿಡಿದು ತಮ್ಮ ಮುಂಗೈಗೆ ಜೋಡಿಸಿ ತೋರಿಸಿದರು. ಎರಡೂ ಒಂದೇ ಬಣ್ಣ. ಇಬ್ಬರೂ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಆಮೇಲೆ ಖಾಲಾ ನೆಲದ ಮೇಲೆ ಹರಡಿದ್ದ ಬಿಳಿ ಕೌದಿಯನ್ನು ಕಂಡರು. ಮುಟ್ಟಿ ನೋಡಿದರು. ಪ್ರತಿ ಶುಕ್ರವಾರ ಒಂದು ಹೊತ್ತು ಇದನ್ನು ಕೊಡುತ್ತೀಯಾ ಎಂದು ಕೇಳಿದರು.

“ಇನ್ನ ಹೊಟ್ಟಿ ಮುಚ್ಚಿಲ್ಲ,” ಎಂದಳು ಅಮ್ಮಿ. “ಆದ್ರ ಒಯ್ಯಲಿ. ಕೇಳಿ ಒಯ್ಯಾಕತ್ತಾಳಲ್ಲ.”

ಆಗ ರಿಯಾದಿನಲ್ಲಿ ಸಿನಿಮಾ ಥಿಯೇಟರ್ ಇರಲಿಲ್ಲ. ಖಾಲಾ ಅವರ ಉದ್ದನೆಯ ಹಾಲ್‌ನಲ್ಲಿ ಶುಕ್ರವಾರದ ನಮಾಜು ಮುಗಿದ ಮೇಲೆ ಇತ್ತು. ಕಿಟಕಿಗೆ ಬೆಳ್ಳಿ ಹಾಳೆ, ಗೋಡೆಗೆ ಪರದೆಯಾಗಿ ನಮ್ಮ ಕೌದಿ, ಒಂದು ಕಡೆ ಹೆಂಗಸರು, ಒಂದು ಕಡೆ ಗಂಡಸರು. ಬರುತ್ತಿದ್ದವರು ಸುಡಾನ್, ಎರಿಟ್ರಿಯಾ, ಚಾಡ್ ಕಡೆಯವರು, ಜೊತೆಗೆ ನಾವು. ಅವರು ತೋರಿಸುತ್ತಿದ್ದುದು ಹೊರಗಿನಿಂದ ತಂದ ಸಿನಿಮಾ ಅಲ್ಲ. ಬಂದವರದೇ ಸಿನಿಮಾ. ಅದನ್ನು ಮಾಡುವುದಕ್ಕೆ ಖಾಲಾ ಅವರದೊಂದು ಪದ್ಧತಿ ಇತ್ತು. ಮೊದಲು ಎಲ್ಲರೂ ಒಂದೇ ದೊಡ್ಡ ತಟ್ಟೆಯಿಂದ ಊಟ ಮಾಡಬೇಕು. ಊಟವಾದ ಮೇಲೆ ಫಾತಿಹಾ ಪ್ರಾರ್ಥನೆ. ಆಮೇಲೆ ಖಾಲಾ, ಇವತ್ತು ಯಾರ ಹೆಸರಿನಲ್ಲಿ ಎಂದು ಕೇಳುತ್ತಿದ್ದರು. ಒಬ್ಬೊಬ್ಬರೂ ತಮ್ಮ ತೀರಿಹೋದವರ ಒಂದು ಹೆಸರು ಹೇಳಬೇಕು. ಉಳಿದವರೆಲ್ಲ ಒಟ್ಟಿಗೆ, ಅಲ್ಲಾಹ್ ಯರ್ಹಮು, ಅಲ್ಲಾ ಅವರಿಗೆ ಕರುಣೆ ತೋರಲಿ, ಎನ್ನಬೇಕು. ಅದಾದ ಮೇಲೆಯೇ ಕ್ಯಾಮೆರಾ ಚೀಲದಿಂದ ಹೊರಗೆ ಬರುತ್ತಿತ್ತು. ಅದೂ ಕೈಯಿಂದ ಕೈಗೆ ಹೋಗಿ ಎಲ್ಲರೂ ಮುಟ್ಟಿದ ಮೇಲೆ ಕೆಲಸ. ಅಮ್ಮಿ ಊಟಕ್ಕೆ ಬರುತ್ತಿದ್ದಳು, ಫಾತಿಹಾಕ್ಕೆ ಕೈ ಎತ್ತುತ್ತಿದ್ದಳು. ಹೆಸರು ಹೇಳುವ ಸರದಿ ಬಂದಾಗ ತಲೆ ಅಲ್ಲಾಡಿಸಿ ಪಕ್ಕದವರತ್ತ ನೋಡುತ್ತಿದ್ದಳು. ಕ್ಯಾಮೆರಾ ಅವಳ ಕೈಗೆ ಬಂದರೆ ಬಿಸಿ ಹಂಚಿನ ಹಾಗೆ ದಾಟಿಸಿಬಿಡುತ್ತಿದ್ದಳು. ನನ್ನ ಮುಖಕ್ಕ ಅದನ್ನ ಹಿಡೀಬ್ಯಾಡ್ರಿ ಎಂದು ಮೊದಲ ದಿನವೇ ನನ್ನ ಬಾಯಿಂದ ಹೇಳಿಸಿದ್ದಳು.

ಖಾಲಾ ಅವರ ಕೊನೆಯ ನಿಯಮವೇ ನನಗೆ ಅರ್ಥವಾಗದ್ದು. ಯಾರ ಮುಖವೋ ಅವರಿಗೇ ಮೊದಲು ತೋರಿಸಬೇಕು, ಅವರು ಬೇಡ ಎಂದದ್ದನ್ನು ಅಳಿಸಬೇಕು. ಕಟ್ಟಡದ ಕಾವಲಿಗೆ ಸಾಲಿಹ್ ಎಂಬ ಮುದುಕರಿದ್ದರು. ಅವರ ಅಜ್ಜ ಪಶ್ಚಿಮ ಆಫ್ರಿಕಾದಿಂದ ಹಜ್ಜಿಗೆಂದು ನಡೆದುಕೊಂಡೇ ಬಂದು ಇಲ್ಲೇ ಉಳಿದವರು. ಅವರು ಚಹಾ ಕಾಯಿಸುತ್ತ ಆ ದಾರಿಯ ಕಥೆ ಹೇಳುವುದನ್ನು ಖಾಲಾ ತೆಗೆದಿದ್ದರು. ಒಂದು ಕಡೆ ಗ್ಲಾಸು ಎತ್ತುವಾಗ ಸಾಲಿಹ್ ಅವರ ಕೈ ನಡುಗಿ ಚಹಾ ತುಳುಕುತ್ತದೆ. ಇಡೀ ಸಿನಿಮಾದ ಜೀವ ಅಲ್ಲಿತ್ತು. ಮುದುಕರು ನೋಡಿ, ಕೈ ನಡುಗುವುದು ಬೇಡ, ನನ್ನ ಮೊಮ್ಮಕ್ಕಳು ನೋಡುತ್ತಾರೆ ಎಂದರು. ಖಾಲಾ ಎರಡನೇ ಮಾತಾಡದೆ ಅಳಿಸಿದರು. ನಾನು ಮೆಟ್ಟಿಲ ಮೇಲೆ ಅವರೊಡನೆ ಜಗಳಕ್ಕೇ ನಿಂತೆ. ಅವರು ಅರಬ್ಬಿಯಲ್ಲಿ ಹೇಳಿದ್ದು ನನ್ನ ತಲೆಯಲ್ಲಿ ಈಗ ಕನ್ನಡದಲ್ಲೇ ಇದೆ.

“ನಮ್ಮಜ್ಜಿಯ ಕೆನ್ನೆಯ ಮೇಲೆ ಮೂರು ಗೆರೆ ಇದ್ದವು, ನಮ್ಮ ಕಡೆ ಚಿಕ್ಕಂದಿನಲ್ಲಿ ಹಾಕುತ್ತಿದ್ದರು. ಒಬ್ಬ ಇಂಗ್ಲಿಷ್ ಸಾಹೇಬ ಬಂದು ಫೋಟೊ ತೆಗೆದ. ನಾನು ದೊಡ್ಡವಳಾದ ಮೇಲೆ ಅದನ್ನು ಒಂದು ಪುಸ್ತಕದಲ್ಲಿ ಕಂಡೆ. ಕೆಳಗೆ ಗೆರೆಗಳ ಉದ್ದ ಎಷ್ಟು ಎಂದು ಬರೆದಿತ್ತು. ಹೆಸರು ಬರೆದಿರಲಿಲ್ಲ. ಅವಳ ಹೆಸರು ಝೈನಬ್. ಆ ಫೋಟೊ ಬಹಳ ಚೆನ್ನಾಗಿತ್ತು, ಮೌಲಾ. ಬೆಳಕು, ನೆರಳು ಎಲ್ಲ ಚೆನ್ನಾಗಿತ್ತು.”

“ನೀವು ಸಾಹೇಬರಲ್ಲವಲ್ಲ ಖಾಲಾ.”

“ಕ್ಯಾಮೆರಾ ಹಿಡಿದ ಕೈಗೆ ಅದು ಮರೆತುಹೋಗುತ್ತದೆ. ಅದಕ್ಕೇ ಮೊದಲು ಊಟ, ಆಮೇಲೆ ದುವಾ. ಕೈಗೆ ನೆನಪಿರಲಿ ಅಂತ.”

ಮೂರು ತಿಂಗಳು ಅವರು ನನಗೆ ಕ್ಯಾಮೆರಾ ಕೊಡಲಿಲ್ಲ, ಬರೀ ಕೂತು ಕೇಳಿಸಿಕೊಳ್ಳುವುದನ್ನು ಕಲಿಸಿದರು. ಆಮೇಲೆ ತಮ್ಮ ಹಳೆಯದೊಂದನ್ನು, ಅಂಗೈಯಲ್ಲಿ ಹಿಡಿಯುವಂಥದ್ದನ್ನು ಕೈಗಿಟ್ಟರು. ನಾನು ಎಸಿ ಕಳಚುವ ಕೈಯಿಂದ ಅದನ್ನೂ ಒಂದು ವಾರದಲ್ಲಿ ವಶಮಾಡಿಕೊಂಡೆ. ಮಾಡಿಕೊಂಡದ್ದೇ ತಲೆಗೆ ಏರಿತು. ಶಾಲೆ ಬಿಟ್ಟವನು ಏನು ಮಾಡಬಲ್ಲ ಎಂದು ಇಡೀ ಕಟ್ಟಡಕ್ಕೆ ತೋರಿಸಬೇಕಿತ್ತು. ಯಾವುದನ್ನು ತೋರಿಸಬೇಕು ಎಂಬುದೂ ಗೊತ್ತಿತ್ತು. ಅಮ್ಮಿ ಹಿರಿಯರನ್ನು ಕರೆಯುವ ಹಾಡು. ಅಂಥದ್ದು ಖಾಲಾ ಅವರ ಹತ್ತಿರವೂ ಇರಲಿಲ್ಲ. ಅದೂ ಅಲ್ಲದೆ, ದಮಾಮ್ ಇಲ್ಲದ ದೇಶದಲ್ಲಿ ಅಮ್ಮಿ ಒಂದು ದಿನ ಮರೆತರೆ ಆ ಹಾಡು ಯಾರ ಬಳಿಯೂ ಉಳಿಯುವುದಿಲ್ಲ ಎಂದು ನಾನು ನನಗೇ ಹೇಳಿಕೊಂಡೆ. ಅದು ಸುಳ್ಳಲ್ಲ. ನೆಪವಂತೂ ಹೌದು. ಕ್ಯಾಮೆರಾವನ್ನು ಅಕ್ಕಿ ಚೀಲಗಳ ನಡುವೆ ಇಟ್ಟು, ಕೆಂಪು ದೀಪಕ್ಕೆ ಟೇಪು ಅಂಟಿಸಿ, ಹೊರಗೆ ಟ್ಯಾಂಕಿನ ಹಿಂದೆ ಕೂತೆ. ಅಮ್ಮಿ ಬಂದಳು, ಕೌದಿ ಹರಡಿದಳು, ಸೆಕೆಗೆ ತಲೆಯ ಮೇಲಿನ ಬಟ್ಟೆ ತೆಗೆದಿಟ್ಟಳು, ಡಬ್ಬಿ ಎಳೆದುಕೊಂಡಳು. ನಾಲ್ಕು ನಿಮಿಷ ಸಿಕ್ಕಿತು.

“ಅಮ್ಮನಿಗೆ ತೋರಿಸಿದೆಯಾ?” ಎಂದು ಶುಕ್ರವಾರ ಖಾಲಾ ಕೇಳಿದರು.

“ತೋರಿಸಿದೆ,” ಎಂದೆ.

ಬದುಕಿನಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಎಣಿಸಬೇಕಾದದ್ದು ಅದೊಂದೇ. ಊಟವಾಯಿತು, ಫಾತಿಹಾ ಆಯಿತು, ಪ್ರೊಜೆಕ್ಟರಿನ ಬೆಳಕು ಕೌದಿಯ ಮೇಲೆ ಬಿತ್ತು. ಮೊದಲು ಸೂಜಿ, ಆಮೇಲೆ ಡಬ್ಬಿ, ಆಮೇಲೆ ಅಮ್ಮಿಯ ಬಿಚ್ಚಿದ ತಲೆ, ಅರ್ಧ ಮುಚ್ಚಿದ ಕಣ್ಣು. ಹಾಲ್‌ನಲ್ಲಿ ಎಲ್ಲರೂ ಮುಂದಕ್ಕೆ ಬಾಗಿ ಕೂತರು. ನಾನು ಗೆದ್ದೆ ಎಂದುಕೊಂಡೆ. ಅಮ್ಮಿಯ ಧ್ವನಿ ಒಂದು ಹೆಸರು ಕರೆಯಿತು, ದಾವಲಬಿ. ಕನ್ನಡದ ಗಂಧವಿಲ್ಲದ ಆ ಹೆಂಗಸರಿಗೆ ಹೆಣ್ಣಿನ ಹೆಸರೆಂಬುದು ಮಾತ್ರ ತಿಳಿಯಿತು; ರೂಢಿಯಂತೆ, ಅಲ್ಲಾಹ್ ಯರ್ಹಮ್ಹಾ, ಅವಳಿಗೆ ಕರುಣೆ ತೋರಲಿ, ಎಂದರು. ಇನ್ನೊಂದು ಹೆಸರು, ಇನ್ನೊಂದು ಉತ್ತರ. ಹೀಗೆ ಹತ್ತು ಹೆಸರು. ಹನ್ನೊಂದನೆಯದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವಳು ಅದನ್ನು ಯಾವಾಗಲೂ ಬಾಯೊಳಗೇ ನುಂಗುತ್ತಿದ್ದಿರಬೇಕು. ಕ್ಯಾಮೆರಾ ಹತ್ತಿರವಿದ್ದುದರಿಂದ ಹಿಡಿದುಬಿಟ್ಟಿತ್ತು; ಸಿಕ್ಕಿಬೀಳುವ ಭಯಕ್ಕೆ ನಾನು ಮೊದಲು ಧ್ವನಿ ಹಾಕದೆಯೇ ನೋಡಿದ್ದೆ. ‘ಇಮಾಮು, ನನ್ನ ಇಮಾಮು, ಏಳು ದಿನದ ಇಮಾಮು.’ ಗಂಡಸರ ಸಾಲಿನಲ್ಲಿ ಅಬ್ಬಾನ ತಲೆ ಎದೆಗೆ ಬಾಗಿತು. ಹಾಲ್ ಪೂರ್ತಿ ಅಲ್ಲಾಹ್ ಯರ್ಹಮು ಎಂದಿತು. ಅಮ್ಮಿ ಎದ್ದಳು. ಎಲ್ಲರ ಕಾಲು ದಾಟಿಕೊಂಡು ಹೋಗಿ ಕೌದಿಯನ್ನು ಎರಡೂ ಕೈಯಿಂದ ಎಳೆದು ಕಿತ್ತಳು. ಅವಳ ಮುಖ ಬರೀ ಗೋಡೆಯ ಮೇಲೆ, ಸ್ವಿಚ್ಚುಗಳ ಮೇಲೆ, ಸುಣ್ಣ ಉದುರಿದ ಕಲೆಯ ಮೇಲೆ ಬಿದ್ದು ಇನ್ನೂ ಹಾಡುತ್ತಿತ್ತು. ಕಣ್ಣು ಮುಚ್ಚಿಯೂ ಒತ್ತಬಲ್ಲೆ ಎಂದುಕೊಂಡಿದ್ದ, ನಿಲ್ಲಿಸುವ ಬಟನ್ನು ನನ್ನ ಬೆರಳಿಗೆ ಸಿಗಲಿಲ್ಲ. ಖಾಲಾ ವಯರನ್ನೇ ಕಿತ್ತರು.

ಅವರು ನನ್ನನ್ನು ಬಯ್ಯಲಿಲ್ಲ. ಕ್ಯಾಮೆರಾ ವಾಪಸು ತೆಗೆದುಕೊಂಡು, ಅದರೊಳಗಿನ ಉಗುರಿನಷ್ಟು ಕಾರ್ಡನ್ನು ಕಳಚಿ ನನ್ನ ಅಂಗೈಗೆ ಹಾಕಿದರು.

“ಇದು ನನ್ನದಲ್ಲ. ನಿನ್ನದೂ ಅಲ್ಲ. ಯಾರದೋ ಅವರಿಗೆ ಕೊಡು.”

ಕೊಟ್ಟೆ. ಅಮ್ಮಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಒಂಬತ್ತು ದಿನ ನನ್ನೊಡನೆ ಮಾತಾಡಲಿಲ್ಲ. ಊಟ ಬಡಿಸುತ್ತಿದ್ದಳು, ನನ್ನ ಬಟ್ಟೆ ಒಗೆಯುತ್ತಿದ್ದಳು; ಅದೇ ಹೆಚ್ಚು ಸುಡುತ್ತಿತ್ತು. ಅಬ್ಬಾ ಒಮ್ಮೆ ಜಾಳಿಗೆ ತೊಳೆಯುತ್ತ, ನನ್ನ ಕಡೆ ನೋಡದೆ, ನಿನಗಿಂತ ಮೊದಲಿನವ ಅಂವ, ಏಳು ದಿನ ಇದ್ದ ಎಂದ. ಮತ್ತೆ ನೀರು ಬಿಟ್ಟ. ಹತ್ತನೆಯ ದಿನ ಅಮ್ಮಿ ಕೌದಿ ಹರಡಿಕೊಂಡು ಕೂತವಳು, ಎದುರಿನ ನೆಲ ತಟ್ಟಿ ನನ್ನನ್ನು ಕೂರಿಸಿದಳು.

“ನಾ ಆಗ ಹನ್ನೆರಡು ವರ್ಷದಾಕಿ. ದೊಡ್ಡ ಸಾಹೇಬ್ರು ಬರ್ತಾರಂತ ನಮ್ಮನ್ನ ಟ್ರಕ್ಕಿನ್ಯಾಗ ತುಂಬಿ ಒಯ್ದ್ರು. ಸೀರಿ ಬಿಚ್ಚಿಸಿ ಎಲಿ ಉಡಿಸಿದ್ರು. ನಮ್ಮವ್ವ ಅಂದ್ಳು, ನಾವು ಎಲಿ ಉಡೂದಿಲ್ರೀ, ನಿಮ್ಮಂಗ ಸೀರೀನ ಉಡತೇವಿ ಅಂತ. ಫೋಟೋಕ್ಕ ಹಂಗ ಬೇಕು ಅಂದ್ರು. ಕುಣದ್ವಿ. ತಕ್ಕೊಂಡ್ರು, ಹೋದ್ರು.”

ಸೂಜಿಗೆ ದಾರ ಏರಿಸಿದಳು. ಅವಳ ಕೈ ಸ್ಥಿರವಾಗಿತ್ತು.

“ಅವರು ಕೇಳಲಿಲ್ಲ. ನೀನೂ ಕೇಳಲಿಲ್ಲ.”

ಕಾರ್ಡು ಅಳಿಸಿಬಿಡುತ್ತೇನೆ ಎಂದೆ. ಅವಳು ದೊಡ್ಡ ಕಣ್ಣು ಬಿಟ್ಟಳು.

“ಯಾಕ ಅಳಸ್ತಿ? ಅದರಾಗ ನನ್ನ ಮಗ ಅದಾನ.” ದಾರದ ತುದಿಗೆ ಗಂಟು ಹಾಕುತ್ತ, “ಒಂದು ಹೇಳು ಮೌಲಾ. ಆ ಹೆಂಗಸರಿಗೆ ನಮ್ಮ ಮಾತು ಬರೂದಿಲ್ಲ. ಮತ್ತ ಹೆಂಗ ಉತ್ತರ ಕೊಟ್ರು?”

“ಇಮಾಮ್ ಅಂದ್ರ ಹೆಸರು ಅಂತ ಯಾರಿಗರ ತಿಳೀತದ, ಅಮ್ಮಿ.”

“ಹದಿನೆಂಟು ವರ್ಷ ಆತು ನಾ ಕರಿಯಾಕತ್ತು. ನಾ ಒಬ್ಬಾಕೀನ ಕರೀತಿದ್ದೆ. ಯಾರೂ ಓ ಅಂದಿದ್ದಿಲ್ಲ.”

ಅವತ್ತು ಅವಳು ಕೌದಿಯ ಹೊಟ್ಟೆ ಮುಚ್ಚಿದಳು. ಹನ್ನೊಂದು ಹೆಸರಿಗೆ ಹನ್ನೊಂದು ಅಕ್ಕಿಕಾಳು ನನ್ನಿಂದಲೇ ಎಣಿಸಿ ಹಾಕಿಸಿದಳು. ಸೆರಗಿನ ಗಂಟು ಬಿಚ್ಚಿ ಕಾರ್ಡನ್ನೂ ಅದರೊಳಗೆ ಇಟ್ಟಳು. ಮೇಲೆ ತೋಬಿನ ಕಾಲರಿನ ಒಂದು ತುಂಡು ಹೊಚ್ಚಿ ಹೊಲಿದಳು. ಹಲ್ಲಿನಿಂದ ದಾರ ಕಡಿದು ಹೇಳಿದಳು.

“ಇಲ್ಲಿರಲಿ. ನಾ ತಗೀ ಅಂದಾಗ ತಗೀಬೇಕು. ಅನಲಿಲ್ಲಂದ್ರ ಬಿಡಬೇಕು.”

ಅಬ್ಬಾ ಮಾತಿನಲ್ಲಿ ಸಮಾಧಾನ ಹೇಳುವವನಲ್ಲ. ಬಕ್ರೀದಿನ ಕುರ್ಬಾನಿಯ ಆಡಿನ ಚರ್ಮವನ್ನು ಅವನು ತಾರಸಿಯ ಮೇಲೆ ಉಪ್ಪು ಹಚ್ಚಿ ಒಣಹಾಕಿದ. ಎಸಿ ಗಾಳಿಯ ಕೊಳವೆಗೆ ಬಳಸುವ ತಗಡನ್ನು ದುಂಡಗೆ ಬಗ್ಗಿಸಿ ರಿವೆಟ್ ಹೊಡೆದ. ನಾಲ್ಕು ದಿನ ಇಡೀ ಓಣಿಗೆ ವಾಸನೆ. ಹಮೀದಾಕ ಮೂಗು ಮುಚ್ಚಿಕೊಂಡೇ ಮೂರು ಮಹಡಿ ಹತ್ತಿ ಬಂದರು.

“ಎಂತ ಸಾವು ಮಾರಾಯ ಇದು! ನನ್ನ ಗಿರಾಕಿಗಳೆಲ್ಲ ಸ್ಯಾಂಡ್‌ವಿಚ್ಚೇ ಹಾಳಾಗಿದೆ ಅಂತ ಓಡ್ತಾ ಇದ್ದಾರೆ.”

“ದಮಾಮ್ ರೀ, ಹಮೀದಾಕ,” ಎಂದ ಅಬ್ಬಾ, ಹಗ್ಗ ಎಳೆಯುತ್ತಲೇ. “ನಮ್ಮನಿಯಾಕಿ ಡಬ್ಬಿ ಬಡದು ಬಡದು ಸಾಕಾಗ್ಯಾಳ.”

ಹಮೀದಾಕ ಮೂಗಿನಿಂದ ಕೈ ತೆಗೆದರು. ಆಮೇಲೆ ಹಗ್ಗದ ಇನ್ನೊಂದು ತುದಿ ಹಿಡಿದು, ಯಲ್ಲಾ, ಎಳಿ ಮಾರಾಯ ಎಂದರು.

ಅಮ್ಮಿ ಆ ಹಾಲ್‌ಗೆ ಮತ್ತೆ ಇಳಿದದ್ದು ಆ ತಗಡಿನ ದಮಾಮ್ ಕಂಕುಳಲ್ಲಿ ಇಟ್ಟುಕೊಂಡು. ಒಂದೇ ತಟ್ಟೆಯಲ್ಲಿ ಉಂಡಳು. ಫಾತಿಹಾ ಆಯಿತು. ಇವತ್ತು ಯಾರ ಹೆಸರಿನಲ್ಲಿ ಎಂಬ ಸರದಿ ಸುತ್ತಿಕೊಂಡು ಬಂದು ಅವಳ ಬಳಿ ನಿಂತಿತು. ಪಕ್ಕದವಳು ಅಭ್ಯಾಸದಂತೆ ತನ್ನವರ ಹೆಸರು ಹೇಳಲು ಬಾಯಿ ತೆರೆದಿದ್ದಳು.

“ಇಮಾಮ್,” ಎಂದಳು ಅಮ್ಮಿ.

ಹಾಲ್ ಓಗೊಟ್ಟಿತು. ಅವಳು ಆ ಉತ್ತರ ಮುಗಿಯುವ ತನಕ ಕಾದು, ಖಾಲಾ ಅವರಿಗೆ ಅನುವಾದ ಮಾಡು ಎಂದು ನನಗೆ ಸನ್ನೆ ಮಾಡಿದಳು. ಇವತ್ತು ನನ್ನ ಮುಖ ತೆಗೆಯಿರಿ. ನಾನು ಸರಿಯಾಗಿ ತಲೆ ಮುಚ್ಚಿ ಕೂತ ಮೇಲೆ. ಎದುರಿನಿಂದ, ಕದ್ದಲ್ಲ. ನಾನು ನೆಲದ ಮೇಲೆ ಕೂತರೆ ಕ್ಯಾಮೆರಾದವರೂ ನೆಲದ ಮೇಲೆ. ಹಿಡಿಯುವವನು ಮೌಲಾ. ಖಾಲಾ ಹಳೆಯ ಕ್ಯಾಮೆರಾ ತಂದು ನನ್ನ ಮಡಿಲಲ್ಲಿಟ್ಟರು. ಅದು ಎಲ್ಲರ ಕೈ ಸುತ್ತಿ ಬಂತು. ಅಮ್ಮಿಯ ಕೈಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಿತು.

“ಕೇಳು,” ಎಂದಳು ನನಗೆ.

“ಅಮ್ಮಿ, ನಿನ್ನ ಮುಖ ತಗೊಳ್ಳಲೇನು?”

“ಕೇಳಸವಲ್ದು. ಇನ್ನೊಮ್ಮೆ.”

“ಅಮ್ಮಿ, ನಿನ್ನ ಮುಖ ತಗೊಳ್ಳಲೇನು?”

“ಎಲ್ಲಾರಿಗೂ ತಿಳಿಯೂ ಮಾತಿನ್ಯಾಗ ಕೇಳು.”

ಮೂರನೇ ಸಲ ಅರಬ್ಬಿಯಲ್ಲಿ ಕೇಳಿದೆ. ಹೆಂಗಸರ ಸಾಲು ನಗಲು ಶುರುಮಾಡಿತ್ತು. ಗಂಡಸರ ಸಾಲಿನಲ್ಲಿ ಅಬ್ಬಾನೂ ನಗುತ್ತಿದ್ದ.

“ತಗೋ,” ಎಂದಳು ಅಮ್ಮಿ. “ಕೈ ನಡಗಸಬ್ಯಾಡ.”

ನಡುಗಿತು. ಆ ಸಿನಿಮಾದ ಮೊದಲ ಅರ್ಧ ನಿಮಿಷ ಅಮ್ಮಿಯ ಮುಖ ಭೂಕಂಪದಲ್ಲಿದ್ದ ಹಾಗೆ ಕಾಣುತ್ತದೆ. ಮುಂದಿನ ಗುರುವಾರ ಅವಳೊಬ್ಬಳಿಗೇ ತೋರಿಸಿದೆ. ಹೊಟ್ಟೆ ತುಂಬಿದ ಕೌದಿಯ ಮೇಲೆ, ಹೊಲಿಗೆಯ ಸಾಲುಗಳು ಹಣೆಯಿಂದ ಗಲ್ಲದವರೆಗೆ ಹಾದುಹೋಗುವ ತನ್ನ ಮುಖವನ್ನು ಅವಳು ನೋಡಿದಳು. ಏನಾದರೂ ತೆಗೆಯಬೇಕೇ ಎಂದು ಕೇಳಿದೆ. ನಡುಗಿದ್ದನ್ನು ತೆಗೆಯುತ್ತೇನೆ ಎಂದೂ ಹೇಳಿದೆ.

“ಏ, ಅದನ್ನ ಬಿಡು. ಅದು ನೀನು. ನಿನ್ನ ಹೆಂಗ ತಗೀಲಿ?”

ಮರುದಿನ ಎಲ್ಲರೂ ನೋಡಿದರು. ಹಮೀದಾಕ ಅಂಗಡಿಗೆ ಬೀಗ ಹಾಕಿ ಬಂದಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು, “ಥಿಯೇಟರೇ ಇಲ್ಲದ ಊರಲ್ಲಿ ನಿನ್ನ ಅಮ್ಮ ಹೀರೋಯಿನ್ ಆದ್ರಲ್ಲ ಮಾರಾಯ,” ಎಂದರು. ಕಣ್ಣೊರೆಸಿಕೊಂಡದ್ದಕ್ಕೆ ಧೂಳು ಎಂದರು. ಅವತ್ತು ಧೂಳು ಎದ್ದಿರಲಿಲ್ಲ.

ಇನ್ನೂ ನಾಲ್ಕು ವರ್ಷ ನಾವು ಆ ತಾರಸಿಯ ಮೇಲಿದ್ದೆವು. 2018ರಲ್ಲಿ ರಿಯಾದಿನಲ್ಲಿ ದೊಡ್ಡ ದೊಡ್ಡ ಥಿಯೇಟರುಗಳು ತೆರೆದವು. ಅದೇ ವರ್ಷ ನಾವು ಗಂಟುಮೂಟೆ ಕಟ್ಟಿದೆವು. ವಿಮಾನ ನಿಲ್ದಾಣದಲ್ಲಿ ಬಟ್ಟೆಯ ಪೆಟ್ಟಿಗೆಯೊಂದನ್ನು ಬಿಟ್ಟು ಬಂದೆವು, ದಮಾಮನ್ನೂ ಕೌದಿಯನ್ನೂ ಬಿಡಲಿಲ್ಲ. ಅವಾದಿಯಾ ಖಾಲಾ ಈಗ ಕೈರೊದಲ್ಲಿದ್ದಾರೆ. ಶುಕ್ರವಾರ ಫೋನಿನಲ್ಲಿ ಅವರ ಧ್ವನಿ ಬರುತ್ತದೆ, ಇವತ್ತು ಯಾರ ಹೆಸರಿನಲ್ಲಿ ಎಂದು. ನಾವು ಹೇಳಿ ಕಳಿಸುತ್ತೇವೆ. ನಾನು ಹಳಿಯಾಳದಲ್ಲಿ ವಾರಕ್ಕೆ ಐದು ದಿನ ಫ್ರಿಜ್ಜು, ಎಸಿ ರಿಪೇರಿ ಮಾಡುತ್ತೇನೆ. ಉಳಿದ ಎರಡು ದಿನ ಕ್ಯಾಮೆರಾ ಹಿಡಿದು ನಮ್ಮ ವಾಡೆಗಳಿಗೆ, ಸಿದ್ದಿಗಳ ಸಣ್ಣ ಹಳ್ಳಿಗಳಿಗೆ, ಹೋಗುತ್ತೇನೆ. ಮೊದಲು ಅವರ ಮನೆಯಲ್ಲಿ ಉಣ್ಣುತ್ತೇನೆ. ದೊಡ್ಡ ದೊಡ್ಡ ಕಾಲೇಜಿನಲ್ಲಿ ಸಿನಿಮಾ ಓದಿದವರು ಒಮ್ಮೊಮ್ಮೆ ಬಂದು, ಈ ಜನ ನಿಮ್ಮ ಮುಂದೆ ಇಷ್ಟು ಸಲೀಸಾಗಿ ಹೇಗೆ ಕೂರುತ್ತಾರೆ ಎಂದು ಕೇಳುತ್ತಾರೆ. ಊಟ ಮಾಡಿ ಎನ್ನುತ್ತೇನೆ. ತಮಾಷೆ ಎಂದುಕೊಳ್ಳುತ್ತಾರೆ.

ಈಗ ನನ್ನ ಬಳಿ ಇರುವುದು ಇಷ್ಟು. ಕ್ಯಾಮೆರಾ ಎರಡು, ಒಂದರ ಬಟನ್ನು ಹೋಗಿದೆ. ಪ್ರೊಜೆಕ್ಟರ್ ಒಂದು. ಸ್ಕ್ರೂಡ್ರೈವರು ಹದಿನಾಲ್ಕು. ಸಿನಿಮಾ ಹತ್ತೊಂಬತ್ತು, ಅದರಲ್ಲಿ ಮೂರನ್ನು ಯಾರಿಗೂ ತೋರಿಸಬೇಡ ಎಂದು ಆ ಮುಖದವರೇ ಹೇಳಿದ್ದಾರೆ, ಅವನ್ನೂ ಎಣಿಸಿದ್ದೇನೆ. ತಗಡಿನ ದಮಾಮ್ ಒಂದು. ಅಬ್ಬಾ, ಅಮ್ಮಿ, ಇಬ್ಬರು. ಅಣ್ಣ ಒಬ್ಬ, ಏಳು ದಿನದವನು. ಬಿಳಿ ಕೌದಿ ಒಂದು, ಅದರ ಹೊಟ್ಟೆಯಲ್ಲಿ ಅಕ್ಕಿಕಾಳು ಹನ್ನೊಂದು, ಕಾರ್ಡು ಒಂದು. ತೆಗೆ ಎಂದು ಅಮ್ಮಿ ಇನ್ನೂ ಹೇಳಿಲ್ಲ.